ಹದಿನೆಂಟನೇ ದಿನದ ಸಂಜೆ: ಪಾಳು ಕೋಟೆಯಲ್ಲಿ ನಾಟಕ ಶಾಲೆಯ ಹುಡುಗರು ಆಡಿದ ಮಹಾಭಾರತ

ಹಳೇ ಮೈಸೂರು ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಮುಗಿಯುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ. ರಾತ್ರಿಯೆಲ್ಲ ಹಾಡಿ ಗಂಟಲು ಕಟ್ಟಿದ ದುರ್ಯೋಧನ ತೊಡೆ ಮುರಿದುಕೊಂಡು ಬೀಳುತ್ತಾನೆ. ಭೀಮ ಗದೆ ಮೇಲೆತ್ತುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಮಂಗಳ ಹಾಡಿಸುತ್ತಾರೆ. ಜನ ಚಾಪೆ ಕೊಡವಿಕೊಂಡು ಮನೆಗೆ ಹೋಗುತ್ತಾರೆ, ಹಾಲು ಕರೆಯುವ ಹೊತ್ತಾಗಿರುತ್ತದಲ್ಲ.

ಜಾತ್ರೆ ಸುದ್ದಿಗೆ ಅಂತ ಹೋಗಿ ನಾನು ನೋಡಿದ ಕುರುಕ್ಷೇತ್ರಗಳಿಗೆ ಲೆಕ್ಕವಿಲ್ಲ. ಮಂಡ್ಯ, ತುಮಕೂರು, ಹಾಸನ ಸೀಮೆಯಲ್ಲಿ ಪಾತ್ರಕ್ಕೆ ಕೈಯಿಂದ ದುಡ್ಡು ಕೊಟ್ಟು ಆಡುತ್ತಾರೆ ಅನ್ನೋದು ನಿಮಗೆ ಗೊತ್ತೇ ಇದೆ. ದುರ್ಯೋಧನ, ಕೃಷ್ಣ, ಕರ್ಣ, ಭೀಮ ಅಂದರೆ ರೇಟು ಹೆಚ್ಚು. ಯಾರಿಗೆ ಎಷ್ಟು ಹಾಡು ಅನ್ನೋದರ ಮೇಲೆ ಜಗಳವೂ ಆಗುತ್ತದೆ. ಆದರೆ ಒಂದು ಪಾತ್ರಕ್ಕೆ ಯಾರೂ ಜಗಳ ಆಡಿದ್ದು ನಾನು ಕಂಡಿಲ್ಲ. ಅದು ಕಾವಲುಗಾರನ ಪಾತ್ರ. ದೊರೆ ಬಂದಾಗ ಬಗ್ಗಿ ನಮಸ್ಕಾರ ಹೊಡೆದು ಪಕ್ಕಕ್ಕೆ ಹೋಗುವ ಪಾತ್ರ ಅದು.

ದೊರೆ ಸತ್ತ ಮೇಲೆ ಆ ಕಾವಲುಗಾರ ಏನು ಮಾಡಿದ? ಹದಿನೆಂಟನೇ ದಿನ ಸಂಜೆ ಅರಮನೆಯಲ್ಲಿ ಯಾರಿದ್ದರು? ಈ ಪ್ರಶ್ನೆಯಿಂದಲೇ ಶುರುವಾಗುವ ಒಂದು ನಾಟಕ ಇದೆ. ಅದನ್ನು ದೆಹಲಿಯ ನಾಟಕ ಶಾಲೆಯ ವಿದ್ಯಾರ್ಥಿಗಳು 1963ರಲ್ಲಿ ಒಂದು ಪಾಳು ಕೋಟೆಯೊಳಗೆ ಆಡಿದರು. ನಾಟಕದ ಹೆಸರು ‘ಅಂಧಾ ಯುಗ್’, ಅಂದರೆ ಕುರುಡು ಯುಗ. ಬರೆದವರು ಹಿಂದಿ ಲೇಖಕ ಧರ್ಮವೀರ ಭಾರತಿ.

ಕಥೆ ಎಲ್ಲಿ ನಿಲ್ಲಿಸಬೇಕು

ಮೊದಲು ನಮ್ಮ ಮನೆಯ ಲೆಕ್ಕ ನೋಡೋಣ. ವ್ಯಾಸರ ಮಹಾಭಾರತದಲ್ಲಿ ಹದಿನೆಂಟು ಪರ್ವ. ಗದಾಯುದ್ಧ ಬರುವುದು ಒಂಬತ್ತನೆಯದಾದ ಶಲ್ಯಪರ್ವದಲ್ಲಿ. ಅಂದರೆ ದುರ್ಯೋಧನ ಬಿದ್ದಾಗ ಪುಸ್ತಕದಲ್ಲಿ ಅರ್ಧ ಪರ್ವಗಳು ಇನ್ನೂ ಬಾಕಿ. ಆಮೇಲೆ ಬರುವುದು ಸೌಪ್ತಿಕಪರ್ವ: ಮಲಗಿದ್ದವರನ್ನು ಅಶ್ವತ್ಥಾಮ ರಾತ್ರಿ ಕೊಂದ ಕಥೆ. ಅದರ ನಂತರ ಸ್ತ್ರೀಪರ್ವ: ಹೆಂಗಸರು ರಣರಂಗಕ್ಕೆ ಬಂದು ತಮ್ಮ ತಮ್ಮ ಗಂಡ, ಮಕ್ಕಳ ಹೆಣ ಹುಡುಕುವ ಕಥೆ.

ನಮ್ಮ ಕುಮಾರವ್ಯಾಸ ಹತ್ತು ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ರಾತ್ರಿ ದಾಳಿ, ಗಾಂಧಾರಿಯ ಗೋಳು ಎರಡನ್ನೂ ಆ ಪರ್ವದೊಳಗೇ ತಂದು, ಧರ್ಮರಾಯನ ಪಟ್ಟಾಭಿಷೇಕಕ್ಕೆ ಮುಗಿಸಿದ. ಉಳಿದ ಪರ್ವಗಳನ್ನು ಆಮೇಲೆ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ. ಗಮಕ ಕೇಳುವವರು ಎಷ್ಟು ಜನ ತಿಮ್ಮಣ್ಣನ ಭಾಗ ಕೇಳಿದ್ದಾರೋ ಗೊತ್ತಿಲ್ಲ. ಇನ್ನು ನಾಟಕ ಕಂಪನಿಗಳಿಗೆ ಬೇಕಾದ್ದು ವೈಭವ. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆ ಬಂದ ಮೇಲೆ ಹೆಣ ಹುಡುಕುವ ಮುದುಕಿಗೆ ಜಾಗ ಎಲ್ಲಿ?

ಆದರೂ ಕನ್ನಡದಲ್ಲಿ ಯುದ್ಧ ಮುಗಿದ ಜಾಗವನ್ನು ಕಣ್ಣಿಗೆ ಕಟ್ಟಿದ ಕವಿ ಒಬ್ಬ ಇದ್ದ. ಮುಧೋಳದ ರನ್ನ. ಸಾವಿರ ವರ್ಷದ ಹಿಂದೆ ಬರೆದ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಹೋಗುತ್ತಾನೆ. ದ್ರೋಣನನ್ನು ನೋಡುತ್ತಾನೆ, ತಮ್ಮ ದುಶ್ಶಾಸನನನ್ನು ನೋಡುತ್ತಾನೆ, ಮಗ ಲಕ್ಷಣಕುಮಾರನನ್ನು ನೋಡುತ್ತಾನೆ, ಕರ್ಣನನ್ನು ನೋಡುತ್ತಾನೆ. ಹೆಣ ತಿನ್ನಲು ಬಂದ ಮರುಳುಗಳು ಅವನನ್ನೇ ಗೇಲಿ ಮಾಡುತ್ತವೆ. ಹೊಗಳಿಸಿಕೊಳ್ಳಬೇಕಾಗಿದ್ದ ದೊರೆ ಭೀಮನ ಪಕ್ಷದವನಾಗಿದ್ದರೂ ರನ್ನನ ಕರುಳು ಮಾತ್ರ ಸೋತವನ ಕಡೆಗೇ ಹೋಯಿತು ಅಂತ ನನಗೆ ಅನ್ನಿಸುತ್ತದೆ.

ಅಲಹಾಬಾದಿನ ಮೇಷ್ಟ್ರು

ಧರ್ಮವೀರ ಭಾರತಿ ಹುಟ್ಟಿದ್ದು 1926ರಲ್ಲಿ, ಅಲಹಾಬಾದಿನಲ್ಲಿ. ಹಿರೋಷಿಮಾ ಮೇಲೆ ಅಣುಬಾಂಬ್ ಬಿದ್ದಾಗ ಅವರಿಗೆ ಹದಿನೆಂಟು ವರ್ಷ. ದೇಶ ಎರಡಾದಾಗ ಇಪ್ಪತ್ತು. ಓದಿದ್ದೂ ಪಾಠ ಮಾಡಿದ್ದೂ ಅಲಹಾಬಾದ್ ವಿಶ್ವವಿದ್ಯಾಲಯದಲ್ಲೇ. ಈ ನಾಟಕ ಪುಸ್ತಕವಾಗಿ ಬಂದದ್ದು 1954ರಲ್ಲಿ. ಅದೇ ಹೊತ್ತಿಗೆ ಅಮೆರಿಕ, ರಷ್ಯಾ ಎರಡೂ ಪೈಪೋಟಿಗೆ ಬಿದ್ದು ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡುತ್ತಿದ್ದವು.

ಭಾರತಿ ಪಾರ್ಟಿಷನ್ ಬಗ್ಗೆ ಬರೆಯಲಿಲ್ಲ, ಬಾಂಬಿನ ಬಗ್ಗೆಯೂ ನೇರವಾಗಿ ಬರೆಯಲಿಲ್ಲ. ನಮ್ಮ ಅಜ್ಜಿಗೂ ಗೊತ್ತಿರುವ ಕಥೆ ತೆಗೆದುಕೊಂಡರು, ನಾವು ಮಂಗಳ ಹಾಡುವ ಜಾಗದಿಂದ ಶುರು ಮಾಡಿದರು.

ಪರದೆ ಸರಿದರೆ ಹಸ್ತಿನಾವತಿಯ ಖಾಲಿ ಅರಮನೆ. ಇಬ್ಬರು ಕಾವಲುಗಾರರು ಉದ್ದ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾರೆ. ಅವರಿಗೆ ಹೆಸರಿಲ್ಲ. ಪುಸ್ತಕದಲ್ಲಿ ಒಂದನೇ ಕಾವಲುಗಾರ, ಎರಡನೇ ಕಾವಲುಗಾರ, ಅಷ್ಟೇ. ಹದಿನೇಳು ದಿನದಿಂದ ಹೀಗೇ ನಡೆಯುತ್ತಿದ್ದಾರೆ. ಏನನ್ನು ಕಾಯುತ್ತಿದ್ದೇವೆ ಅಂತ ಅವರಿಗೇ ತಿಳಿಯದು, ಯಾಕೆಂದರೆ ಕಾಯಲು ಅಲ್ಲಿ ಏನೂ ಉಳಿದಿಲ್ಲ. ಒಳಗೆ ಕುರುಡ ದೊರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅವನ ಹೆಂಡತಿ, ವಿಧವೆಯಾದ ಸೊಸೆಯರು. ಅಷ್ಟರಲ್ಲಿ ಆಕಾಶ ಕಪ್ಪಾಗುತ್ತದೆ. ಮೋಡ ಅಂದುಕೊಂಡರೆ ಅದು ರಣಹದ್ದುಗಳ ಹಿಂಡು. ಕುರುಕ್ಷೇತ್ರದ ಕಡೆಗೆ ಹೊರಟಿವೆ. ಕಾವಲುಗಾರರು ಗುರಾಣಿ ತಲೆ ಮೇಲಿಟ್ಟುಕೊಂಡು ಕೂರುತ್ತಾರೆ. ನಾಟಕದ ಉದ್ದಕ್ಕೂ ಈ ಇಬ್ಬರು ಮತ್ತೆ ಮತ್ತೆ ಬರುತ್ತಾರೆ. ಯಾರು ಗೆದ್ದರೂ ಅವರ ನಡಿಗೆ ನಿಲ್ಲುವುದಿಲ್ಲ.

ಇನ್ನು ಅಶ್ವತ್ಥಾಮ. ಅಪ್ಪನನ್ನು ಒಂದು ಅರ್ಧ ಸುಳ್ಳು ಹೇಳಿ ಕೊಂದರಲ್ಲ, ಅದೂ ಧರ್ಮರಾಯನ ಬಾಯಲ್ಲಿ ಹೇಳಿಸಿ. ಅಲ್ಲಿಂದ ಅವನೊಳಗೆ ಏನೋ ಮುರಿದಿದೆ. ಕೌರವರೇ ಗೆಲ್ಲುತ್ತಾರೆ ಅಂತ ಭವಿಷ್ಯ ಹೇಳಿದ್ದ ಮುದಿ ಭಿಕ್ಷುಕ ಕೈಗೆ ಸಿಕ್ಕಾಗ ಕತ್ತು ಹಿಸುಕಿ ಕೊಲ್ಲುತ್ತಾನೆ. ಆ ರಾತ್ರಿ ಕಾಡಿನಲ್ಲಿ, ಮಲಗಿದ್ದ ಕಾಗೆಯನ್ನು ಗೂಬೆ ಕೊಲ್ಲುವುದನ್ನು ನೋಡಿ ಅವನಿಗೆ ದಾರಿ ಹೊಳೆಯುತ್ತದೆ. ಗೂಬೆಯ ಪ್ರಸಂಗ ವ್ಯಾಸರಲ್ಲೇ ಇದೆ. ಭಾರತಿ ಹೊಸದಾಗಿ ಮಾಡಿದ್ದು ಬೇರೆ. ಪಾಂಡವರ ಬಿಡಾರದಲ್ಲಿ ಮಲಗಿದ್ದವರನ್ನು ಕೊಂದ ಆ ಮನುಷ್ಯನ ತಲೆಯೊಳಗೆ ಅವರು ನಮ್ಮನ್ನು ಕೂರಿಸುತ್ತಾರೆ. ಅವನು ರಾಕ್ಷಸ ಅಂತ ಹೇಳಿ ಕೈ ತೊಳೆದುಕೊಳ್ಳಲು ಬಿಡುವುದಿಲ್ಲ.

ಅಶ್ವತ್ಥಾಮನೂ ಅರ್ಜುನನೂ ಬ್ರಹ್ಮಾಸ್ತ್ರ ಬಿಟ್ಟಾಗ ವ್ಯಾಸರು ನಡುವೆ ಬಂದು ಬೈಯುತ್ತಾರೆ. ಈ ಅಸ್ತ್ರ ಬಿದ್ದರೆ ತಲೆಮಾರುಗಳು ಅಂಗವಿಕಲವಾಗಿ ಹುಟ್ಟುತ್ತವೆ, ನೆಲ ಬಂಜರಾಗುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. 1954ರಲ್ಲಿ ಇದನ್ನು ಓದಿದವರಿಗೆ ಯಾವ ಅಸ್ತ್ರ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅರ್ಜುನ ಅಸ್ತ್ರ ವಾಪಸ್ ತೆಗೆದುಕೊಳ್ಳುತ್ತಾನೆ. ಅಶ್ವತ್ಥಾಮನಿಗೆ ಬಿಡುವುದು ಗೊತ್ತು, ತೆಗೆಯುವುದು ಗೊತ್ತಿಲ್ಲ. ಅದನ್ನು ಉತ್ತರೆಯ ಬಸಿರಿನ ಮೇಲೆ ತಿರುಗಿಸುತ್ತಾನೆ.

ಆದರೆ ನನ್ನ ಮಟ್ಟಿಗೆ ಈ ನಾಟಕದ ನಿಜವಾದ ಗಾಯ ಯುಯುತ್ಸು. ಧೃತರಾಷ್ಟ್ರನ ಮಗನಾಗಿದ್ದೂ ನ್ಯಾಯ ಪಾಂಡವರ ಕಡೆ ಇದೆ ಅಂತ ಆ ಕಡೆ ಸೇರಿದವನು ಇವನು. ಗೆದ್ದ ಪಕ್ಷದವನು. ಆದರೆ ಮನೆಗೆ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಗಾಂಧಾರಿ ಚುಚ್ಚಿ ಮಾತಾಡುತ್ತಾಳೆ. ರಣರಂಗದಿಂದ ತೆವಳಿ ಬಂದ ಮೂಕ ಸೈನಿಕನಿಗೆ ನೀರು ಕೊಡಲು ಹೋದರೆ ಅವನು ಮುಖ ನೋಡಿ ಚೀರಿ ಹಿಂದೆ ಸರಿಯುತ್ತಾನೆ, ಅವನ ಕಾಲು ಸುಟ್ಟದ್ದು ಯುಯುತ್ಸುವಿನ ಬಾಣವೇ. ಕೊನೆಗೆ ಗೆದ್ದ ಭೀಮನೂ ಅವನನ್ನು ಹೀಯಾಳಿಸುತ್ತಾನೆ. ಮೂಲ ಮಹಾಭಾರತದಲ್ಲಿ ಯುಯುತ್ಸು ಬದುಕಿ ಉಳಿಯುತ್ತಾನೆ, ಪಾಂಡವರು ಕೊನೆಯ ಪ್ರಯಾಣಕ್ಕೆ ಹೊರಟಾಗ ರಾಜ್ಯ ನೋಡಿಕೊಳ್ಳುವ ಹೊಣೆಯನ್ನು ಅವನಿಗೇ ಒಪ್ಪಿಸುತ್ತಾರೆ. ಭಾರತಿ ಅದನ್ನು ಬದಲಾಯಿಸಿದರು. ಅವರ ನಾಟಕದಲ್ಲಿ ಅವನು ತನ್ನ ಜೀವ ತಾನೇ ತೆಗೆದುಕೊಳ್ಳುತ್ತಾನೆ. ಸರಿಯಾದ ಪಕ್ಷ ಆರಿಸಿಕೊಂಡವನಿಗೂ ನೆಲೆ ಇಲ್ಲ ಅನ್ನೋದು 1947 ನೋಡಿದ ಜನಕ್ಕೆ ತಿಳಿಯದ ಮಾತೇನಲ್ಲ.

ಆಡಲು ಬರದ ನಾಟಕ

ಇಷ್ಟೆಲ್ಲ ಇದ್ದರೂ ಇದು ಪದ್ಯದಲ್ಲಿ ಬರೆದ ನಾಟಕ. ರಂಗಕ್ಕಿಂತ ಮೊದಲು ಇದು ಹೆಸರು ಮಾಡಿದ್ದು ರೇಡಿಯೋದಲ್ಲಿ, ಆಕಾಶವಾಣಿಯ ಅಲಹಾಬಾದ್ ಕೇಂದ್ರದಿಂದ. ಕಿವಿಗೆ ಕೇಳುವ ನಾಟಕ, ಕಣ್ಣಿಗೆ ಆಡಿಸುವುದು ಹೇಗೆ ಅನ್ನುವ ಅನುಮಾನ ಇತ್ತು. ಹದ್ದಿನ ಹಿಂಡು, ಬ್ರಹ್ಮಾಸ್ತ್ರ, ಉರಿಯುವ ಕಾಡು ಇದನ್ನೆಲ್ಲ ಯಾವ ಪರದೆ ಮೇಲೆ ಬರೆಸುತ್ತೀರಿ? 1962ರಲ್ಲಿ ಬೊಂಬಾಯಿಯಲ್ಲಿ ಸತ್ಯದೇವ ದುಬೆ ಇದನ್ನು ರಂಗಕ್ಕೆ ತಂದರು. ಮರುವರ್ಷ ದೆಹಲಿಯಲ್ಲಿ ಇಬ್ರಾಹಿಂ ಅಲ್ಕಾಜಿ.

ಅಲ್ಕಾಜಿ ಪುಣೆಯಲ್ಲಿ ಹುಟ್ಟಿದ ಅರಬ್ ಮನೆತನದ ಹುಡುಗ. ತಂದೆ ಸೌದಿ ಕಡೆಯವರು, ತಾಯಿ ಕುವೈತ್ ಕಡೆಯವರು. ಲಂಡನ್ನಿನಲ್ಲಿ ನಾಟಕ ಕಲಿತು ಬಂದವರು. ರಾಷ್ಟ್ರೀಯ ನಾಟಕ ಶಾಲೆ ಶುರುವಾದದ್ದು 1959ರಲ್ಲಿ. ಅಲ್ಕಾಜಿ 1962ರಲ್ಲಿ ಅದರ ನಿರ್ದೇಶಕರಾಗಿ 1977ರವರೆಗೆ ಇದ್ದರು. ಅವರ ಶಿಸ್ತಿನ ಬಗ್ಗೆ ಕಥೆಗಳು ಬೇಕಾದಷ್ಟಿವೆ. ನಟನೆ ಕಲಿಯಲು ಬಂದವನು ಮರಗೆಲಸ, ಬಟ್ಟೆ, ಬೆಳಕು ಎಲ್ಲ ಕಲಿಯಬೇಕು. ಕಸ ಗುಡಿಸುವುದೂ ಪಾಠವೇ. ಪಾತ್ರ ಸಿಗಲಿಲ್ಲ ಅಂತ ಮುನಿಸಿಕೊಂಡು ಕೂರುವ ಹಾಗಿರಲಿಲ್ಲ.

ಅವರು ಅಂಧಾ ಯುಗ್ ಆಡಿಸಲು ಆರಿಸಿಕೊಂಡದ್ದು ಫಿರೋಜ್ ಷಾ ಕೋಟ್ಲಾ. ಹೆಸರು ಕೇಳಿದ ತಕ್ಷಣ ನಿಮಗೆ ಕ್ರಿಕೆಟ್ ನೆನಪಾಗಿರುತ್ತದೆ. ಹೌದು, 1999ರ ಫೆಬ್ರವರಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ಕಿತ್ತ ಮೈದಾನ ಇದರ ಪಕ್ಕದ್ದೇ. ಕೋಟೆ ಮಾತ್ರ 1354ರ ಸುಮಾರಿನದು, ಫಿರೋಜ್ ಷಾ ತುಘಲಕ್ ಕಟ್ಟಿಸಿದ್ದು. ಗೋಡೆಗಳು ಅರ್ಧ ಬಿದ್ದಿವೆ. ಅದರ ಎತ್ತರದ ಜಾಗದಲ್ಲಿ ಅಶೋಕನ ಕಂಬವೊಂದು ನಿಂತಿದೆ, ಈಗಿನ ಹರಿಯಾಣದ ಟೋಪ್ರಾ ಎಂಬಲ್ಲಿಂದ ಫಿರೋಜ್ ಷಾ ಹೊರಿಸಿ ತಂದದ್ದು. (ಕಳಿಂಗ ಯುದ್ಧಕ್ಕೆ ಅಶೋಕ ಪಶ್ಚಾತ್ತಾಪ ಪಟ್ಟ ಶಾಸನ ಈ ಕಂಬದ ಮೇಲಿಲ್ಲ, ಅದು ಬೇರೆ ಕಡೆ ಬಂಡೆಗಳ ಮೇಲಿದೆ. ಇದ್ದಿದ್ದರೆ ಬರೆಯುವವರಿಗೆ ಸಲೀಸಾಗುತ್ತಿತ್ತು.)

ಪಾಳು ಬಿದ್ದ ಅರಮನೆ ತೋರಿಸಬೇಕು ಅಂದರೆ ಪರದೆ ಮೇಲೆ ಬರೆಸುವುದು ಒಂದು ದಾರಿ. ನಿಜವಾದ ಪಾಳು ಅರಮನೆಗೇ ಜನರನ್ನು ಕರೆದುಕೊಂಡು ಹೋಗುವುದು ಇನ್ನೊಂದು ದಾರಿ. ಅಲ್ಕಾಜಿ ಎರಡನೆಯದನ್ನು ಹಿಡಿದರು. ಮೇಲೆ ನಿಜವಾದ ಆಕಾಶ, ಸುತ್ತ ನಿಜವಾದ ಕತ್ತಲು, ಆರುನೂರು ವರ್ಷದ ಕಲ್ಲು. ಕಾವಲುಗಾರ ನಡೆದರೆ ಅವನ ನೆರಳು ಒಬ್ಬ ಸತ್ತ ಸುಲ್ತಾನನ ಗೋಡೆಯ ಮೇಲೆ ಬೀಳುತ್ತದೆ. ನೋಡುವವನೂ ಆ ಪಾಳು ಊರಿನೊಳಗೇ ಕೂತಿದ್ದಾನೆ, ಹೊರಗೆ ಸುರಕ್ಷಿತವಾಗಿ ಕೂತಿಲ್ಲ.

ಆ ವರ್ಷ ಯಾವುದು ಅನ್ನೋದನ್ನೂ ಮರೆಯಬಾರದು. 1962ರ ಅಕ್ಟೋಬರ್, ನವೆಂಬರ್‌ನಲ್ಲಿ ಚೀನಾ ಜೊತೆ ಯುದ್ಧವಾಗಿ ಸೋತಿದ್ದೆವು. ಅದರ ಮರುವರ್ಷ ಈ ನಾಟಕ. ನೋಡಲು ಬಂದವರಲ್ಲಿ ಪ್ರಧಾನಿ ನೆಹರೂ ಕೂಡ ಇದ್ದರು. ಕುರುಡ ದೊರೆಯ ಮುಂದೆ ಸಂಜಯ ಸೋಲಿನ ವರದಿ ಒಪ್ಪಿಸುವ ದೃಶ್ಯವನ್ನು ಅವರು ಹೇಗೆ ನೋಡಿದರೋ, ಅದನ್ನು ಊಹಿಸಿ ಬರೆಯುವ ಹಕ್ಕು ನನಗಿಲ್ಲ. ಆದರೆ ಅಧಿಕಾರದಲ್ಲಿದ್ದವರು ಎದುರಿಗೆ ಕೂತಿರುವಾಗ ವಿದ್ಯಾರ್ಥಿಗಳು ಆ ದೃಶ್ಯ ಆಡಿದರು, ಆಡಲು ಬಿಟ್ಟರು. ಇದು ಇವತ್ತಿಗೂ ಸಣ್ಣ ಸಂಗತಿ ಅಲ್ಲ.

ಹಳೆಯ ಕೋಟೆಯ ನೆಲ

ಹತ್ತು ವರ್ಷ ಕಳೆದ ಮೇಲೆ, 1974ರಲ್ಲಿ, ಅಲ್ಕಾಜಿ ಇದೇ ನಾಟಕವನ್ನು ಪುರಾನಾ ಕಿಲಾದಲ್ಲಿ ಮತ್ತೆ ಆಡಿಸಿದರು. ನಮ್ಮ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನೂ ಅವರು 70ರ ದಶಕದಲ್ಲಿ ಅಲ್ಲೇ ಆಡಿಸಿ ದೇಶವೆಲ್ಲ ಮಾತಾಡುವ ಹಾಗೆ ಮಾಡಿದ್ದು. ಕನ್ನಡದಲ್ಲಿ ಬರೆದ ಸುಲ್ತಾನ ದೆಹಲಿಯ ಕೋಟೆಯೊಳಗೆ ಉರ್ದು ಮಾತಾಡಿದ.

ಪುರಾನಾ ಕಿಲಾ ಇರುವ ದಿಬ್ಬವೇ ಪಾಂಡವರ ಇಂದ್ರಪ್ರಸ್ಥ ಅನ್ನುವ ನಂಬಿಕೆ ಹಳೆಯದು. ಕೋಟೆಯೊಳಗೆ ಇಂದರ್‌ಪತ್ ಅನ್ನುವ ಹಳ್ಳಿಯೇ ಇತ್ತು. ಬ್ರಿಟಿಷರು ಹೊಸ ದೆಹಲಿ ಕಟ್ಟುವಾಗ ಅದನ್ನು ಎಬ್ಬಿಸಿದರು. 1947ರಲ್ಲಿ ಇದೇ ಕೋಟೆ ನಿರಾಶ್ರಿತರ ಶಿಬಿರವಾಯಿತು. ದೆಹಲಿಯಲ್ಲಿ ಮನೆ ಕಳೆದುಕೊಂಡು ಜೀವಕ್ಕೆ ಹೆದರಿದ ಮುಸ್ಲಿಮರು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿ ಸೇರಿ ಪಾಕಿಸ್ತಾನಕ್ಕೆ ಹೋಗುವ ರೈಲಿಗಾಗಿ ಕಾದರು. ಅವರು ಹೋದ ಮೇಲೆ ಆ ಕಡೆಯಿಂದ ಬಂದ ಹಿಂದೂ, ಸಿಖ್ ಕುಟುಂಬಗಳು ಇಲ್ಲೇ ಉಳಿದವು. ಒಂದೇ ನೆಲ. ಆ ನೆಲದ ಮೇಲೆ ಮೆಟ್ಟಿಲು ಹಾಕಿ ಜನರನ್ನು ಕೂರಿಸಿ ಯುಯುತ್ಸುವಿನ ಕಥೆ ಹೇಳಿದರೆ, ಇದು ಯಾವ ಕಾಲದ ಕಥೆ ಅಂತ ಕೇಳುವವರು ಯಾರು?

ಭಾರತಿಯವರ ಬಗ್ಗೆ ಇನ್ನೊಂದು ಮಾತು, ನಮ್ಮ ಕಸುಬಿನವರಿಗೆ ಬೇಕಾದ್ದು. ಅವರು 1960ರಲ್ಲಿ ಬೊಂಬಾಯಿಗೆ ಹೋಗಿ ‘ಧರ್ಮಯುಗ’ ವಾರಪತ್ರಿಕೆಯ ಸಂಪಾದಕರಾದರು, ಸುಮಾರು ಕಾಲು ಶತಮಾನ ಅದನ್ನು ನಡೆಸಿದರು. 1971ರ ಬಾಂಗ್ಲಾ ಯುದ್ಧದಲ್ಲಿ ಸಂಪಾದಕರ ಕುರ್ಚಿಯಲ್ಲಿ ಕೂರದೆ ತಾವೇ ರಣರಂಗಕ್ಕೆ ಹೋಗಿ ವರದಿ ಬರೆದರು. ಸಂಜಯನ ಪಾತ್ರ ಬರೆದ ಮನುಷ್ಯ ಕೊನೆಗೆ ಸಂಜಯನ ಕೆಲಸವನ್ನೇ ಮಾಡಿದ.

ನಮಗೆ ಹೊಸದಲ್ಲ

ನೋಡುವವರನ್ನು ಕಥೆಯ ಜಾಗದೊಳಗೇ ಕೂರಿಸುವುದು ಲಂಡನ್ನಿನಿಂದ ಬಂದ ವಿದ್ಯೆ ಅಂದುಕೊಳ್ಳಬೇಡಿ. ಕರಾವಳಿಯ ಯಕ್ಷಗಾನದಲ್ಲಿ ಬಣ್ಣದ ವೇಷ ಸಭೆಯ ಹಿಂದಿನಿಂದ, ಬೆಂಕಿಯ ದೊಂದಿ ಬೆಳಕಲ್ಲಿ ಅಬ್ಬರಿಸುತ್ತಾ ಜನರ ನಡುವೆಯೇ ಬರುತ್ತದೆ. ಮಲಗಿದ್ದ ಮಕ್ಕಳು ಎದ್ದು ಅಮ್ಮನ ಸೆರಗು ಹಿಡಿಯುತ್ತವೆ. ತಮಿಳುನಾಡಿನ ದ್ರೌಪದಮ್ಮನ ಗುಡಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ರಾತ್ರಿ ರಾತ್ರಿ ತೆರುಕ್ಕೂತ್ತು ಆಡಿ, ಕೊನೆಯ ಬೆಳಗ್ಗೆ ಬಯಲಿನಲ್ಲಿ ದುರ್ಯೋಧನನ ಭಾರಿ ಮಣ್ಣಿನ ಮೂರ್ತಿ ಮಲಗಿಸುತ್ತಾರೆ. ಭೀಮನ ವೇಷದವನು ಅದರ ತೊಡೆಗೆ ಹೊಡೆಯುತ್ತಾನೆ. ದ್ರೌಪದಿ ಮುಡಿ ಕಟ್ಟುತ್ತಾಳೆ. ಸತ್ತವರಿಗಾಗಿ ಅಳುವ ಹಾಡೂ ಅಲ್ಲಿ ಇರುತ್ತದೆ. ಊರಿನ ಬಯಲೇ ಆ ಹೊತ್ತಿಗೆ ಕುರುಕ್ಷೇತ್ರ, ನೋಡಲು ಬಂದವರೆಲ್ಲ ಅದರೊಳಗೆ ನಿಂತವರು. ಅಲ್ಲಿ ಗೆದ್ದ ಕಥೆಯ ಪಕ್ಕದಲ್ಲೇ ಅಳುವಿಗೂ ಜಾಗ ಇಟ್ಟಿದ್ದಾರೆ. ನಮ್ಮ ಸೀನರಿ ನಾಟಕಗಳು ಆ ಜಾಗವನ್ನು ಎಲ್ಲೋ ಕಳೆದುಕೊಂಡವು.

ಕನ್ನಡದಲ್ಲಿ ಅಶ್ವತ್ಥಾಮನನ್ನು ಹಿಡಿದು ಇಂಥ ಕೆಲಸ ಮಾಡಿದವರು ಬಿ.ಎಂ. ಶ್ರೀಕಂಠಯ್ಯ. ಭಾರತಿಗಿಂತ ಕಾಲು ಶತಮಾನ ಮೊದಲು. 1926ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಮಾಡಿದರು. 1929ರಲ್ಲಿ ‘ಅಶ್ವತ್ಥಾಮನ್’. ಇದಕ್ಕೆ ಬೀಜ ಗ್ರೀಸಿನದು. ಎರಡೂವರೆ ಸಾವಿರ ವರ್ಷದ ಹಿಂದೆ ಸೊಫೋಕ್ಲಿಸ್ ಬರೆದ ನಾಟಕದಲ್ಲಿ ಏಜಾಕ್ಸ್ ಅನ್ನುವ ವೀರ ತನಗೆ ಬರಬೇಕಾದ ಗೌರವ ಬರಲಿಲ್ಲ ಅಂತ ಹುಚ್ಚು ಹಿಡಿದು, ರಾತ್ರಿ ದನಕುರಿಗಳನ್ನು ಶತ್ರುಗಳು ಅಂದುಕೊಂಡು ಕಡಿದು ಹಾಕುತ್ತಾನೆ. ಬೆಳಗ್ಗೆ ಬುದ್ಧಿ ಬಂದು ನಾಚಿಕೆಯಿಂದ ಸಾಯುತ್ತಾನೆ. ಶ್ರೀಯವರು ಆ ಏಜಾಕ್ಸನಲ್ಲಿ ನಮ್ಮ ಅಶ್ವತ್ಥಾಮನನ್ನು ಕಂಡರು. ಚಿರಂಜೀವಿ ಅಂತ ಜನ ನಂಬಿದವನನ್ನು ರಂಗದ ಮೇಲೆ ಸಾಯಿಸಿದರು. ಹಳಗನ್ನಡದಲ್ಲಿ ಬರೆದದ್ದರಿಂದ ಅದು ಕಾಲೇಜಿನ ಗೋಡೆ ದಾಟಿ ಹಳ್ಳಿಗೆ ಬರಲಿಲ್ಲ, ಅದೊಂದು ನಷ್ಟ. ಅದೇ ಏಜಾಕ್ಸ್ ನಾಟಕವನ್ನು ಈಗ ಅಮೆರಿಕದಲ್ಲಿ ಬ್ರಯಾನ್ ಡೋರಿಸ್ ಎಂಬವರು 2008ರಿಂದ ಯುದ್ಧಕ್ಕೆ ಹೋಗಿ ಬಂದ ಸೈನಿಕರು, ಅವರ ಮನೆಯವರ ಮುಂದೆ ಓದಿಸುತ್ತಾರೆ. ಓದು ಮುಗಿದ ಮೇಲೆ ಮಾತಾಡಲು ಸೈನಿಕರಿಗೇ ಬಿಡುತ್ತಾರೆ.

ನಾಟಕ ಶಾಲೆಯಿಂದ ನಮ್ಮ ಕಡೆಗೆ ಬಂದ ದಾರಿಯೂ ಒಂದಿದೆ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು. ಆಮೇಲೆ ದೆಹಲಿಯ ಅದೇ ಶಾಲೆಯಲ್ಲಿ ಕಲಿತರು, ಅಲ್ಕಾಜಿ ಬಿಟ್ಟ ಮೇಲೆ ಅದರ ನಿರ್ದೇಶಕರೂ ಆದರು. ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಮಕ್ಕಳ ನಾಟಕಕ್ಕೆ ಅವರೂ ಪ್ರೇಮಾ ಕಾರಂತರೂ ಮಾಡಿದ ಕೆಲಸ ಬಹಳ. ಇವತ್ತು ನಮ್ಮ ತಾಲೂಕುಗಳಲ್ಲಿ ಬೇಸಿಗೆ ಶಿಬಿರ ನಡೆಸುವ ಎಷ್ಟೋ ರಂಗ ಮೇಷ್ಟ್ರುಗಳು ಈ ಬಳ್ಳಿಯ ಕಾಯಿಗಳೇ.

ಶಾಲೆಯಲ್ಲಿ ಆಡಬಹುದೇ?

ಈಗ ಶಾಲೆಯ ಮಾತಿಗೆ ಬರೋಣ. ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವ ಅಂದರೆ ಮಕ್ಕಳಿಗೆ ಸಿಗುವುದು ಹದಿನೈದು, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಯುದ್ಧದ ನಾಟಕ ಅಂದರೆ ಒಂದು ಗದೆ, ಒಂದು ಶಂಖ, ಕೊನೆಗೆ ಜೈಕಾರ. ತಂದೆತಾಯಿಗೆ ಮಗ ಭೀಮನಾಗಿ ನಿಂತ ಫೋಟೋ ಬೇಕು. ಅದರಲ್ಲಿ ತಪ್ಪೇನೂ ಇಲ್ಲ, ನನಗೂ ಬೇಕು ಅನ್ನಿಸುತ್ತದೆ.

ಹೆಣ, ಸಾವು, ವಿಧವೆಯರು ಇದೆಲ್ಲ ಮಕ್ಕಳಿಗೆ ಯಾಕೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಯುಯುತ್ಸುವಿನ ಕೊನೆಯನ್ನು ಎಂಟನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಆಡಿಸಿ ಅಂತ ನಾನು ಹೇಳುವುದಿಲ್ಲ, ಅದು ದೊಡ್ಡವರ ಭಾಗ. ಆದರೆ ಅದೇ ಮಕ್ಕಳ ಕೈಯಲ್ಲಿ ಫೋನ್ ಇದೆ. ಗಡಿಯಲ್ಲಿ ಏನಾದರೂ ಆದರೆ ಅರ್ಧ ಗಂಟೆಯಲ್ಲಿ ಬಾಂಬ್ ಬೀಳುವ ವಿಡಿಯೋ ಊರಿನ ಎಲ್ಲ ಗುಂಪುಗಳಿಗೂ ಬಂದಿರುತ್ತದೆ, ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕಿ. ಕೆಲವು ವಿಡಿಯೋ ಗೇಮಿನ ತುಣುಕು ಅಂತ ಆಮೇಲೆ ಗೊತ್ತಾಗುತ್ತದೆ. ಯುದ್ಧ ಮಕ್ಕಳಿಗೆ ಕಾಣಿಸಬಾರದು ಅನ್ನುವ ಬಾಗಿಲು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಉಳಿದಿರುವುದು, ಅದನ್ನು ಯಾರ ಕಣ್ಣಿಂದ ಕಾಣಿಸುತ್ತೀರಿ ಅನ್ನುವುದು. ಗದೆ ಎತ್ತಿದವನ ಕಣ್ಣಿಂದ ಮಾತ್ರವೋ, ಪಡಸಾಲೆಯಲ್ಲಿ ನಡೆಯುವವನ ಕಣ್ಣಿಂದಲೂವೋ. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಊರುಗಳಲ್ಲೇ ಇವೆ. ಅವರಿಗೆ ಎರಡನೆಯದು ಚೆನ್ನಾಗಿ ಗೊತ್ತು, ಯಾರೂ ಕೇಳುವುದಿಲ್ಲ ಅಷ್ಟೇ.

ಮಣಿಪುರದ ರತನ್ ಥಿಯಾಮ್, ಅದೇ ನಾಟಕ ಶಾಲೆಯ ವಿದ್ಯಾರ್ಥಿ, ಅಂಧಾ ಯುಗ್ ಅನ್ನು 1994ರ ಆಗಸ್ಟ್‌ನಲ್ಲಿ ಜಪಾನಿನ ಬಯಲಿನಲ್ಲಿ ಆಡಿಸಿದರು. ಹಿರೋಷಿಮಾ ದಿನದ ಹಿಂದಿನ ದಿನ. ಅಷ್ಟು ದೊಡ್ಡದಾಗಿ ಆಡಬೇಕಿಲ್ಲ. ಭಾರತಿಯವರ ನಾಟಕಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು, ಆದರೆ ಸೌಪ್ತಿಕಪರ್ವ, ಸ್ತ್ರೀಪರ್ವ, ಗದಾಪರ್ವ ಯಾರ ಸ್ವತ್ತೂ ಅಲ್ಲ. ಕನ್ನಡ ಮೇಷ್ಟ್ರು ಅಥವಾ ಮೇಡಂ ಮನಸ್ಸು ಮಾಡಿದರೆ ಮಕ್ಕಳ ಕೈಯಲ್ಲೇ ಮಾತು ಬರೆಸಬಹುದು, ಊರಿನ ಮಾತಿನಲ್ಲೇ. ಜಾಗಕ್ಕೆ ನಮ್ಮಲ್ಲಿ ಬರವಿಲ್ಲ. ಊರಿಗೊಂದು ಹಾಳು ಮಂಟಪ, ತಾಲೂಕಿಗೊಂದು ಪಾಳೇಗಾರರ ಕೋಟೆ ಇದ್ದೇ ಇದೆ. ಪುರಾತತ್ವ ಇಲಾಖೆಯವರ ಜಾಗವಾದರೆ ಅನುಮತಿ ಕೇಳಿ. ಹಾವು, ಚೇಳು ನೋಡಿಕೊಳ್ಳಿ, ಗೋಡೆ ಸಡಿಲವಾಗಿದ್ದರೆ ಆ ಕಡೆ ಹೋಗಲೇ ಬೇಡಿ.

ಅದೂ ಆಗದಿದ್ದರೆ ಶಾಲೆಯ ಉದ್ದ ಜಗುಲಿ ಸಾಕು. ಜನರನ್ನು ಮೈದಾನದಲ್ಲಿ ಕುರ್ಚಿ ಹಾಕಿ ಕೂರಿಸದೆ ಜಗುಲಿಯ ಎರಡೂ ಕಡೆ ಗೋಡೆಗೆ ಒರಗಿ ಕೂರಿಸಿ, ನಡುವೆ ದಾರಿ ಬಿಡಿ. ಲೈಟು ಆರಿಸಿ. ಇಬ್ಬರು ಮಕ್ಕಳಿಗೆ ಒಂದೊಂದು ದೊಣ್ಣೆ ಕೊಡಿ, ಆ ತುದಿಯಿಂದ ಈ ತುದಿಗೆ ನಡೆಯಲಿ. ಹದ್ದು ಬರುವಾಗ ಉಳಿದ ಮಕ್ಕಳೆಲ್ಲ ಜನರ ಬೆನ್ನ ಹಿಂದೆ ನಿಂತು ಹಳೆಯ ನೋಟ್‌ಬುಕ್ಕಿನ ಹಾಳೆಗಳನ್ನು ಪಟಪಟ ಬೀಸಬೇಕು. ಮೊದಲು ಮೆಲ್ಲಗೆ, ಆಮೇಲೆ ಎಲ್ಲರೂ ಒಟ್ಟಿಗೆ.